ಹುಬ್ಬಿನ ತುದಿಯಿಂದ ಜಾವಗಲ್‌ವರೆಗೆ

ಅಕ್ಕ ಬಸ್ಸು ಹತ್ತುವುದನ್ನು ಬಿಟ್ಟ ವರ್ಷದ ಬಗ್ಗೆ ಬರೆಯಲು ಕೂತಾಗಲೆಲ್ಲ ನನ್ನ ಕಣ್ಣ ಮುಂದೆ ಒಂದು ಹಸಿರು ರಾಗಿ ಹೊಲ ಬರುತ್ತದೆ. ಹೊಲದ ನಡುವೆ ವಾಲಿ ನಿಂತ ಬಸ್ಸು. ಕಿಟಕಿಯಿಂದ ಹೊರಬಿದ್ದು ತೆನೆಗಳ ನಡುವೆ ಉರುಳುತ್ತಿರುವ ಅಕ್ಕನ ಊಟದ ಡಬ್ಬಿ. ಚಿತ್ರ ಬಹಳ ಸೊಗಸಾಗಿದೆ, ಆದ್ದರಿಂದಲೇ ಅದು ಸುಳ್ಳು. ಅಪಘಾತ ಆದದ್ದು ಸಂಕ್ರಾಂತಿ ಕಳೆದ ಮೇಲೆ. ಆ ಹೊತ್ತಿಗೆ ನಮ್ಮ ಕಡೆ ರಾಗಿ ಕೊಯ್ದು, ಬಣವೆ ಒಟ್ಟಿ, ಹೊಲಗಳು ಬೋಳಾಗಿರುತ್ತವೆ. ಡಬ್ಬಿ ಅಕ್ಕನ ಬ್ಯಾಗಿನೊಳಗೇ ಇತ್ತು, ಅದರ ಮುಚ್ಚಳವೂ ಸಡಿಲವಾಗಿರಲಿಲ್ಲ. ನಾನಂತೂ ಆ ಬಸ್ಸಿನಲ್ಲಿ ಇರಲೇ ಇಲ್ಲ. ಇಲ್ಲದವನಿಗೆ ಇಷ್ಟು ಚೆನ್ನಾಗಿ ನೆನಪಿದೆ.

ಆದ್ದರಿಂದ ಚಿತ್ರವನ್ನು ಬಿಟ್ಟು, ಗೊತ್ತಿರುವುದನ್ನು ಹೇಳುತ್ತೇನೆ.

ಅಕ್ಕ ಹುಲಿಕೆರೆಯ ಆಚೆ, ಹಳೇಬೀಡಿಗೆ ಹತ್ತಿರದ ಒಂದು ಹಳ್ಳಿಯ ಶಾಲೆಯಲ್ಲಿ ಟೀಚರು. ಮನೆ ಅರಸೀಕೆರೆಯಲ್ಲಿ, ಭಾವನ ಕೊಬ್ಬರಿ ಮಂಡಿಯೂ ಅಲ್ಲೇ. ಬೆಳಗಿನ ಬೇಲೂರು ಬಸ್ಸು ಹತ್ತಿದರೆ ಜಾವಗಲ್, ಆಮೇಲೆ ಹಳೇಬೀಡು. ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ಅಕ್ಕ ಮದುವೆಗೆ ಮುಂಚಿನಿಂದ ಹೀಗೇ ಓಡಾಡಿದವಳು. ಅವಳ ಮಟ್ಟಿಗೆ ಬಸ್ಸು ಮನೆಗೂ ಶಾಲೆಗೂ ನಡುವಿನ ಇನ್ನೊಂದು ಕೋಣೆ. ಅಲ್ಲಿ ಅವಳು ನೋಟ್ ಪುಸ್ತಕ ತಿದ್ದುತ್ತಿದ್ದಳು, ಅವರೆಕಾಯಿ ಸುಲಿಯುತ್ತಿದ್ದಳು, ಯಾರದೋ ಮಗಳಿಗೆ ಗಂಡು ನೋಡುತ್ತಿದ್ದಳು.

ಆ ದಿನ ಜಾವಗಲ್ ದಾಟಿದ ಮೇಲಿನ ಒಂದು ತಿರುವಿನಲ್ಲಿ ಯಾರೋ ರಸ್ತೆಯ ಮೇಲೆ ಹುರುಳಿ ಹರಡಿದ್ದರು. ನಮ್ಮ ಕಡೆ ಇದು ತಪ್ಪೆಂದು ಯಾರಿಗೂ ಅನ್ನಿಸುವುದಿಲ್ಲ. ಕಣ ಸಾರಿಸುವ, ಕಲ್ಲಿನ ಗುಂಡು ಉರುಳಿಸುವ ಕಷ್ಟ ಯಾಕೆ? ಟಾರು ರಸ್ತೆ ಇದೆ, ಓಡಾಡುವ ಗಾಡಿಗಳೇ ಒಕ್ಕಿ ಕೊಡುತ್ತವೆ. ಹುರುಳಿ ತಿನ್ನಲು ಒಂದು ಹಸು ರಸ್ತೆಗೆ ಬಂತು. ಡ್ರೈವರು ಬ್ರೇಕು ಹಾಕಿದರು. ಒಣಗಿದ ಬಳ್ಳಿಯ ಮೇಲೆ ಚಕ್ರ ಜಾರಿ, ಬಸ್ಸು ನಿಧಾನವಾಗಿ ರಸ್ತೆ ಬಿಟ್ಟು, ತಗ್ಗಿನ ಹೊಲಕ್ಕಿಳಿದು ಒಂದು ಪಕ್ಕಕ್ಕೆ ವಾಲಿ ನಿಂತಿತು. ಯಾರೂ ಸಾಯಲಿಲ್ಲ. ಹಸುವೂ ಸಾಯಲಿಲ್ಲ. ಅಕ್ಕನ ಎಡಗಡೆಯ ಕಾಲರ್ ಬೋನ್ ಮುರಿಯಿತು.

ಮೂಳೆ ಕೂಡಿಕೊಂಡಿತು. ಕೈ ಮೇಲೆತ್ತಿ ಬೋರ್ಡಿನ ತುದಿಯಲ್ಲಿ ಬರೆಯುವಷ್ಟು ಕೂಡಿಕೊಂಡಿತು. ಆದರೆ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟರೆ ಅಕ್ಕನ ಅಂಗೈ ತಣ್ಣಗಾಗುತ್ತಿತ್ತು. ಹತ್ತುತ್ತಿದ್ದಳು, ಹೊರಡುವ ಮುಂಚೆ ಇಳಿಯುತ್ತಿದ್ದಳು. ಹಿಂದಿದ್ದವರು ಬೈಯುತ್ತಿದ್ದರು. ರಜೆ ಹಾಕಿದಳು. ರಜೆ ಮುಗಿಯುವ ಹೊತ್ತಿಗೆ ಬೇಸಿಗೆ ರಜೆ ಬಂತು. ಶಾಲೆ ಶುರುವಾಗುವ ದಿನ ಹೋಗಲಾಗದಿದ್ದರೆ ಸ್ವಯಂ ನಿವೃತ್ತಿ ತೆಗೆದುಕೊಳ್ಳುವುದೆಂದು ಭಾವ ತೀರ್ಮಾನಿಸಿದ್ದರು. ಅಕ್ಕ ತೀರ್ಮಾನಿಸಿರಲಿಲ್ಲ.

"ಎಷ್ಟ್ ವರ್ಷ ದುಡಿದ್ಯಲ್ಲ, ಸಾಕು ಬಿಡು. ಮನೇಲಿರು" ಎಂದರು ಭಾವ.

"ಮನೇಲಿದ್ದು ಏನ್ ಮಾಡ್ಲಿ? ನಿಮ್ಮ ಮಂಡೀಗೆ ಬಂದು ಕೊಬ್ಬರಿಗೆ ಪಾಠ ಹೇಳ್ಲಾ?"

"ಅವು ನಿನ್ ಮಕ್ಕಳಿಗಿಂತ ಚೆನ್ನಾಗ್ ಕೇಳ್ತವೆ."

"ಅದಕ್ಕೇ ನನಗೆ ಬ್ಯಾಡ. ಎದುರು ಮಾತಾಡೋವೇ ಬೇಕು ನನಗೆ."

ತಮಾಷೆ ಅಲ್ಲಿಗೆ ನಿಂತಿತು. ಅಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಶಾಲೆಯ ಮಕ್ಕಳನ್ನು ಬಿಟ್ಟರೆ ಅವಳಿಗೆ ಬೇರೆ ಮಕ್ಕಳಿಲ್ಲ. ಈ ವಾಕ್ಯವನ್ನು ಇಲ್ಲಿ ಬರೆಯುವುದೋ ಬೇಡವೋ ಎಂದು ಯೋಚಿಸಿದೆ. ಬರೆಯದಿದ್ದರೆ ಮುಂದಿನದು ಹಗುರವಾಗುತ್ತದೆ. ಬರೆದರೆ ಎಲ್ಲಕ್ಕೂ ಇದೇ ಕಾರಣ ಎಂದಾಗುತ್ತದೆ, ಅದೂ ನಿಜವಲ್ಲ. ಅವಳಿಗೆ ಶಾಲೆ ಇಷ್ಟ, ಅಷ್ಟೇ. ಮಕ್ಕಳಿದ್ದಿದ್ದರೂ ಇಷ್ಟವೇ ಇರುತ್ತಿತ್ತು.

ಡಾಕ್ಟರು ಕೊಟ್ಟ ಮಾತ್ರೆ ಅವಳನ್ನು ಮಲಗಿಸಿತು, ಬಸ್ಸು ಹತ್ತಿಸಲಿಲ್ಲ. ಆಗ ಅವಳ ಜೊತೆಯ ಟೀಚರೊಬ್ಬರು ನರ್ಸಮ್ಮನ ಹೆಸರು ಹೇಳಿದರು. ನರ್ಸಮ್ಮ ಎಂದರೆ ಆಸ್ಪತ್ರೆಯಿಂದ ನಿವೃತ್ತರಾದ ಒಬ್ಬ ಹೆಂಗಸು. ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಮನೆ. ಮೊದಲು ಅಕ್ಯುಪ್ರೆಷರ್ ಕಲಿತು, ಆಮೇಲೆ ಬೆರಳಿನಿಂದ ಕುಟ್ಟಿ ಭಯ, ದುಃಖ, ಸಿಟ್ಟು ಇಳಿಸುವ ವಿದ್ಯೆಯನ್ನು ಫೋನಿನಲ್ಲಿ ನೋಡಿ, ತರಬೇತಿಗೂ ಹೋಗಿ ಕಲಿತಿದ್ದರು. ಭಾವ ನನ್ನನ್ನು ಕರೆದು, "ನೀನೇ ಕರ್ಕೊಂಡ್ ಹೋಗಯ್ಯ. ಚೀನಾದೋರ ವೈದ್ಯ ಎಲ್ಲ ನಿಂಗೇ ಸರಿ. ನನ್ ಕೈಲಿ ನಗು ತಡೆಯಕ್ಕಾಗಲ್ಲ" ಎಂದರು. ನನಗೂ ಆಗುವುದಿಲ್ಲ ಎಂದು ಅವರಿಗೆ ಹೇಳಲಿಲ್ಲ.

ನರ್ಸಮ್ಮನ ಮನೆಯ ಮುಂದಿನ ಕೋಣೆಯಲ್ಲಿ ಒಂದು ಆಳೆತ್ತರದ ಪಟ ತೂಗುಹಾಕಿತ್ತು. ಅದರಲ್ಲೊಬ್ಬ ಬೋಳುತಲೆಯ, ಬರಿಮೈಯ ಗಂಡಸು. ಅವನ ನೆತ್ತಿಯಿಂದ ಕಾಲ್ಬೆರಳಿನವರೆಗೆ ಬಣ್ಣಬಣ್ಣದ ಗೆರೆಗಳು, ಗೆರೆಯ ಮೇಲೆಲ್ಲ ಚುಕ್ಕೆಗಳು. ಚುಕ್ಕೆಗಳ ಪಕ್ಕ ಚೀನೀ ಅಕ್ಷರ, ಅದರ ಕೆಳಗೆ ಇಂಗ್ಲಿಷು. ಮುಖ್ಯವಾದ ಕಡೆ ನರ್ಸಮ್ಮ ಕನ್ನಡದಲ್ಲಿ ಬರೆದ ಚೀಟಿ ಅಂಟಿಸಿದ್ದರು. ಎಲ್ಲಿಗೆ ಯಾವ ಬಸ್ಸು ಹೋಗುತ್ತದೆಂದು ತೋರಿಸುವ ನಕ್ಷೆಯ ಹಾಗಿತ್ತು. ಅಕ್ಕನ ಮುಂದೆ ಈ ಹೋಲಿಕೆಯನ್ನು ಬಾಯಿಬಿಟ್ಟು ಹೇಳಲಿಲ್ಲ.

"ಮೈಯೊಳಗೆ ಶಕ್ತಿ ಹರಿಯುತ್ತೆ, ಚೀನಾದವರು ಅದನ್ನ ಚೀ ಅಂತಾರೆ" ಎಂದರು ನರ್ಸಮ್ಮ. "ಈ ಗೆರೆಗಳೇ ಅದರ ಕಾಲುವೆ. ಒಂದೊಂದು ಕಾಲುವೆಗೆ ಒಂದೊಂದು ಅಂಗ. ಕಾಲುವೆ ಕಟ್ಟಿಕೊಂಡ್ರೆ ಮನಸ್ಸೂ ಕಟ್ಟಿಕೊಳ್ಳುತ್ತೆ. ಅವರು ಸೂಜಿ ಚುಚ್ಚಿ ಬಿಡಿಸ್ತಾರೆ, ನಾವು ಬೆರಳಲ್ಲಿ ಕುಟ್ಟಿ ಬಿಡಿಸ್ತೀವಿ. ಮೊದಲನೇದು ಇಲ್ಲಿ, ಹುಬ್ಬಿನ ಒಳತುದಿ. ಇದು ಮೂತ್ರಕೋಶದ ಲೈನು."

ಅಕ್ಕ ಪಟವನ್ನೂ ನರ್ಸಮ್ಮನನ್ನೂ ನೋಡಿದಳು. "ಮೇಡಂ, ನನಗೆ ಭಯ ಇರೋದು ಬಸ್ಸಿಂದು. ಅದಕ್ಕೂ ಮೂತ್ರಕೋಶಕ್ಕೂ ಏನ್ರೀ ಸಂಬಂಧ?"

"ಭಯ ಆದ ತಕ್ಷಣ ಮೊದಲು ಎಲ್ಲಿಗೆ ಓಡ್ಬೇಕು ಅನ್ಸುತ್ತೆ ಹೇಳಿ?"

ಅಕ್ಕ ನಕ್ಕಳು. ಅಪಘಾತವಾದ ಮೇಲೆ ಅವಳು ಹಾಗೆ ಬಾಯ್ತೆರೆದು ನಕ್ಕದ್ದನ್ನು ನಾನು ನೋಡಿರಲಿಲ್ಲ. ಆ ನಗು ಅರ್ಧ ಚಿಕಿತ್ಸೆ ಎಂದು ಬೇರೆಯವರಾಗಿದ್ದರೆ ಬರೆಯುತ್ತಿದ್ದರು. ನಗು ನಗುವೇ. ಅಂದು ಸಂಜೆಯೂ ಅವಳು ಬಸ್ಸು ಹತ್ತಲಿಲ್ಲ.

ಆಮೇಲೆ ನಾನು ಓದಿ ತಿಳಿದುಕೊಂಡೆ. ಚೀನಾದ ಹಳೆಯ ವೈದ್ಯದಲ್ಲಿ ಒಂದೊಂದು ಭಾವಕ್ಕೂ ಒಂದೊಂದು ಅಂಗದ ಮನೆ ಇದೆ. ಸಿಟ್ಟು ಯಕೃತ್ತಿನಲ್ಲಿ, ದುಃಖ ಶ್ವಾಸಕೋಶದಲ್ಲಿ, ಭಯ ಮೂತ್ರಪಿಂಡದಲ್ಲಿ. ಮೂತ್ರಕೋಶ ಮೂತ್ರಪಿಂಡದ ಜೋಡಿ, ಹಾಗಾಗಿ ನರ್ಸಮ್ಮನ ತಮಾಷೆ ಅವರ ಶಾಸ್ತ್ರಕ್ಕೆ ಹೊರಗಿನದಾಗಿರಲಿಲ್ಲ. ಕಳೆದ ಶತಮಾನದ ಕೊನೆಯ ಕಾಲಕ್ಕೆ ಅಮೆರಿಕದ ಕೆಲವರು ಸೂಜಿಯನ್ನು ಬಿಟ್ಟು ಚುಕ್ಕೆಗಳನ್ನು ಇಟ್ಟುಕೊಂಡರು. ಭಯವನ್ನು ಬಾಯಲ್ಲಿ ಹೇಳುತ್ತಾ ಆ ಚುಕ್ಕೆಗಳ ಮೇಲೆ ಕುಟ್ಟುವ ಕ್ರಮ ಮಾಡಿದರು. ಚುಕ್ಕೆ ಎಲ್ಲಿದ್ದರೂ ಒಂದೇ, ಕಾಲುವೆ ಎಂಬುದೇ ಇಲ್ಲ, ಭಯವನ್ನು ಎದುರಿಗಿಟ್ಟುಕೊಂಡು ಮೈಯನ್ನು ಸಮಾಧಾನ ಮಾಡುವುದರಿಂದಲೇ ಗುಣ ಎನ್ನುವವರೂ ಇದ್ದಾರೆ. ನಾನು ಈ ಎರಡನೆಯವರ ಕಡೆ. ಆದರೂ ಪಟ ನೋಡಿ ನಗುವ ಹಕ್ಕು ನಮಗಿಲ್ಲ ಎಂಬುದು ನನಗೆ ಖಚಿತ. ನಮ್ಮ ಮಾತಿನಲ್ಲಿ ಮರುಕ ಬಂದರೆ ಕರುಳು ಚುರ್ರೆನ್ನುತ್ತದೆ, ಸಿಟ್ಟು ಬಂದರೆ ಪಿತ್ತ ನೆತ್ತಿಗೇರುತ್ತದೆ, ಅಸೂಯೆಯಾದರೆ ಹೊಟ್ಟೆಯಲ್ಲಿ ಕಿಚ್ಚು ಏಳುತ್ತದೆ. ನಮ್ಮಲ್ಲೂ ಭಾವಗಳಿಗೆ ಅಂಗಗಳ ಮನೆಗಳಿವೆ. ಯಾರೂ ಪಟ ಬರೆದು ಗೋಡೆಗೆ ಹಾಕಿರಲಿಲ್ಲ.

ಮೊದಲ ಪಾಠಕ್ಕೆ ವಾಪಸ್ಸು ಬರುತ್ತೇನೆ. ಅಂಗೈಯ ಹೊರ ಅಂಚನ್ನು ಕುಟ್ಟುತ್ತಾ ಒಂದು ವಾಕ್ಯ ಹೇಳಬೇಕಿತ್ತು. ನರ್ಸಮ್ಮ ಹೇಳಿಕೊಟ್ಟರು: "ನನಗೆ ಬಸ್ಸಿನ ಭಯವಿದ್ದರೂ ಸಹ, ನಾನು ನನ್ನನ್ನು ಮನಃಪೂರ್ವಕವಾಗಿ ಹಾಗೂ ಸಂಪೂರ್ಣವಾಗಿ ಸ್ವೀಕರಿಸುತ್ತೇನೆ."

"ಯಾರ್ರೀ ಇದನ್ನ ಬರೆದೋರು?" ಎಂದಳು ಅಕ್ಕ. "ಮಕ್ಕಳು ಹಿಂಗ್ ಬರೆದಿದ್ರೆ 'ಸ್ವಂತ ವಾಕ್ಯದಲ್ಲಿ ಬರೆ' ಅಂತ ಕೆಂಪು ಶಾಯೀಲಿ ಹಾಕ್ತಿದ್ದೆ."

"ಹಾಗಾದ್ರೆ ನಿಮ್ಮ ಸ್ವಂತ ವಾಕ್ಯದಲ್ಲೇ ಹೇಳಿ ಟೀಚರೇ, ಯಾರು ಬೇಡ ಅಂದ್ರು?"

ಅಕ್ಕ ಅಂಗೈ ಅಂಚನ್ನು ಕುಟ್ಟುತ್ತಾ ಹೇಳಿದಳು: "ಭಯ ಐತೆ. ಇದ್ಕೊಳ್ಲಿ. ನಾನು ಹೋಗ್ಬೇಕು."

ಆಮೇಲೆ ಭಯಕ್ಕೆ ಹತ್ತಕ್ಕೆ ಎಷ್ಟು ಕೊಡುತ್ತೀರಿ ಎಂದು ನರ್ಸಮ್ಮ ಕೇಳಿದರು. ಹತ್ತಕ್ಕೆ ಹತ್ತು ತಾನು ಯಾರಿಗೂ ಕೊಟ್ಟವಳಲ್ಲ, ಭಯಕ್ಕೂ ಕೊಡುವುದಿಲ್ಲ ಎಂದಳು. ಒಂಬತ್ತು ಕೊಟ್ಟಳು. ಆಮೇಲೆ ಯೋಚಿಸಿ, ಅಕ್ಷರ ಸರಿಯಿಲ್ಲ ಎಂದು ಅರ್ಧ ಕಳೆದಳು.

ತಪ್ಪಾದದ್ದು ಕುಟ್ಟುವುದರಲ್ಲಿ. ಎರಡು ಬೆರಳಿನ ತುದಿಯಿಂದ, ಮೆತ್ತಗೆ, ನಿಲ್ಲಿಸದೆ ಕುಟ್ಟಬೇಕು. ಅಕ್ಕ ನಡುಬೆರಳನ್ನು ಮಡಿಸಿ, ಗೆಣ್ಣಿನಿಂದ ಹುಬ್ಬಿನ ಮೂಳೆಯನ್ನು ಠಕ್ ಠಕ್ ಎಂದು ಕುಟ್ಟಿ, ಕತ್ತು ವಾಲಿಸಿ, ಸುಮ್ಮನಾದಳು.

"ಯಾಕೆ ನಿಲ್ಲಿಸಿದ್ರಿ?"

"ಕೇಳ್ತಾ ಇದೀನಿ."

"ಏನನ್ನ?"

ಅಕ್ಕ ಗಲಿಬಿಲಿಯಿಂದ ನನ್ನ ಕಡೆ ನೋಡಿದಳು. ನಾನು ಮುಖ ತಿರುಗಿಸಿಕೊಂಡೆ. ನನಗೆ ಗೊತ್ತಿತ್ತು. ನಾವು ಕಣಕಟ್ಟೆ ಕಡೆಯ ತೆಂಗಿನ ತೋಟದವರು. ಕಾಯಿಯನ್ನು ಒಡೆಯದೆ ತಿಂಗಳುಗಟ್ಟಲೆ ಅಟ್ಟದ ಮೇಲೆ ಇಟ್ಟರೆ ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಆಯಿತೋ ಇಲ್ಲವೋ ಎಂದು ಒಡೆದು ನೋಡುವ ಹಾಗಿಲ್ಲ, ಒಡೆದರೆ ಕೆಟ್ಟಿತು. ಗೆಣ್ಣಿನಿಂದ ಕುಟ್ಟಬೇಕು, ಕಿವಿಯ ಹತ್ತಿರ ಅಲ್ಲಾಡಿಸಬೇಕು, ಸುಮ್ಮನಿದ್ದು ಕೇಳಬೇಕು. ಚಿಕ್ಕವಳಿದ್ದಾಗ ಅಕ್ಕ ಅಟ್ಟದ ಮೇಲೆ ಕೂತು ಇದನ್ನೇ ಮಾಡುತ್ತಿದ್ದಳು. ಕುಟ್ಟು ಎಂದರೆ ಅವಳ ಕೈಗೆ ಗೊತ್ತಿದ್ದ ಅರ್ಥ ಅದೊಂದೇ. ಕುಟ್ಟಿದ ಮೇಲೆ ಉತ್ತರ ಬರಬೇಕು.

ನರ್ಸಮ್ಮ ತಿದ್ದಿದರು. "ಮಗು ಮಲಗಿಸುವಾಗ ಬೆನ್ನು ತಟ್ತೀವಲ್ಲ, ಹಾಗೆ." ಅಕ್ಕ ತಲೆಯಾಡಿಸಿದಳು. ಕಣ್ಣಿನ ಪಕ್ಕ, ಕಣ್ಣಿನ ಕೆಳಗೆ, ಮೂಗಿನ ಕೆಳಗೆ, ಗದ್ದ. ಕಾಲರ್ ಬೋನಿಗೆ ಬರುವ ಹೊತ್ತಿಗೆ ಬೆರಳು ತಾನಾಗಿ ಮಡಿಸಿಕೊಂಡಿತ್ತು. ಕುಟ್ಟುವುದು, ನಿಲ್ಲಿಸುವುದು, ಕೇಳುವುದು.

ಮನೆಯಲ್ಲಿ ಅಭ್ಯಾಸ ಮಾಡುವಾಗ ಭಾವ ಬಾಗಿಲಲ್ಲಿ ನಿಂತು, "ಏನೇ, ಒಣಗ್ತಾ? ಇಲ್ಲ ಇನ್ನೂ ನೀರೈತಾ?" ಎಂದರು.

"ನೀರಿರೋದು ನಿಮ್ ತಲೇಲಿ ಕಣ್ರೀ. ಅಲ್ಲಾಡಿಸಿ ನೋಡ್ಕಳಿ."

ಭಾವ ನಿಜವಾಗಿಯೂ ತಲೆ ಅಲ್ಲಾಡಿಸಿದರು. ನಗುತ್ತಾ ಹೊರಗೆ ಹೋದವರು ಜಗಲಿಯ ಮೇಲೆ ಕೂತು ಫೋನನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಅಪಘಾತದ ದಿನ ಅವರಿಗೆ ಫೋನು ಮಾಡಿದ್ದು ಅಕ್ಕನಲ್ಲ, ಅವಳ ಫೋನಿನಿಂದ ಯಾರೋ ಗುರುತಿಲ್ಲದ ಗಂಡಸು. ಅದನ್ನು ಅವರು ನನಗೆ ಒಂದೇ ಸಲ ಹೇಳಿದ್ದರು.

ಮುಂದಿನ ಸಲ ನರ್ಸಮ್ಮ ಅಪಘಾತವನ್ನು ಮೊದಲಿನಿಂದ ಹೇಳಿಸಿದರು. ಹೇಳುತ್ತಾ ಕುಟ್ಟಬೇಕು, ಎದೆ ಹೊಡೆದುಕೊಂಡ ಕಡೆ ಕಥೆ ನಿಲ್ಲಿಸಿ, ಅದು ಇಳಿಯುವವರೆಗೆ ಕುಟ್ಟಬೇಕು. ಅಕ್ಕ ಹೇಳಿದಳು. ಹಸು ಬಿಳಿ ಇತ್ತು. ಇನ್ನೊಂದು ಸಲ ಹೇಳಿದಾಗ ಹಸು ಕಂದು ಇತ್ತು. ಮತ್ತೊಂದು ಸಲ ಅದು ಎಮ್ಮೆ ಇರಬಹುದು ಎಂದಳು. ಒಂದು ಸಲ ಡ್ರೈವರು ಕೂಗಿದರು, ಒಂದು ಸಲ ಕೂಗಲಿಲ್ಲ. ಭಯದ ಅಂಕ ಮಾತ್ರ ಎಂಟೂವರೆ ಬಿಟ್ಟು ಇಳಿಯಲಿಲ್ಲ. ನನಗೆ ಈ ಬದಲಾಗುವ ಹಸು ಬಹಳ ಇಷ್ಟವಾಯಿತು. ನಿಜ ಹೇಳುವವರ ಹಸು ಹೀಗೇ ಬಣ್ಣ ಬದಲಿಸುತ್ತದೆ. ಸುಳ್ಳು ಹೇಳುವವರದು ಮೊದಲಿನಿಂದ ಕೊನೆಯವರೆಗೆ ಬಿಳಿಯಾಗಿಯೇ ಇರುತ್ತದೆ.

ಒಂದು ದಿನ ಅಕ್ಕ ಹುಬ್ಬು ಕುಟ್ಟಿ, ಎಂದಿನಂತೆ ಕತ್ತು ವಾಲಿಸಿ ನಿಲ್ಲಿಸಿದಾಗ ಕರೆಂಟು ಹೋಯಿತು. ಫ್ಯಾನು ನಿಧಾನವಾಗಿ ಸುತ್ತಿ ಸುತ್ತಿ ನಿಂತಿತು. ಬೀದಿಯಲ್ಲೂ ಯಾರೂ ಇರಲಿಲ್ಲ. ಕೋಣೆ ಪೂರ್ತಿ ನಿಶ್ಶಬ್ದವಾಯಿತು. ಅಕ್ಕನ ಕೈ ಹುಬ್ಬಿನ ಹತ್ತಿರವೇ ನಿಂತುಬಿಟ್ಟಿತು. ಮೇಲ್ದುಟಿಯ ಮೇಲೆ ಬೆವರು ಬಂತು.

"ಹಿಂಗೇ ಇತ್ತು" ಎಂದಳು.

"ಏನು ಹಿಂಗಿತ್ತು?" ನರ್ಸಮ್ಮ ಮೆಲ್ಲಗೆ ಕೇಳಿದರು.

"ಬಸ್ಸು ವಾಲಿ ನಿಂತ್ಮೇಲೆ ಇಂಜಿನ್ ಆಫ್ ಆಯ್ತು. ಯಾರೂ ಕೂಗ್ಲಿಲ್ಲ. ಒಂದ್ ಮಗೂನೂ ಅಳ್ಲಿಲ್ಲ. ಕಿವಿ ಹೋಯ್ತು ಅನ್ಕೊಂಡೆ. ಆಮೇಲೆ ಅನ್ನಿಸ್ತು, ಕಿವಿಯಲ್ಲ, ನಾನೇ ಹೋದೆ ಅಂತ."

ನರ್ಸಮ್ಮ ತಾವೇ ಎದ್ದು ಬಂದು, ಅಕ್ಕನ ಪಕ್ಕ ಕೂತು, ಅವಳ ಅಂಗೈ ಅಂಚನ್ನು ತಮ್ಮ ಬೆರಳಿನಿಂದ ಕುಟ್ಟತೊಡಗಿದರು. ಸ್ವಲ್ಪ ಹೊತ್ತಾದ ಮೇಲೆ ಹೇಳಿದರು: "ಇಷ್ಟು ದಿನ ನಾವು ಹಸೂನ ಓಡಿಸ್ತಾ ಕೂತಿದ್ವಿ ನೋಡಿ."

ಸರಿಯಾದ ಕ್ರಮದಲ್ಲಿ, ಎಡೆಬಿಡದೆ ಕುಟ್ಟಿದ್ದರೆ ಆ ನಿಶ್ಶಬ್ದ ಬೆರಳಿನ ಸದ್ದಿನಡಿ ಮುಚ್ಚಿಹೋಗುತ್ತಿತ್ತು ಎಂದು ನಾನು ನಂಬುತ್ತೇನೆ. ತಪ್ಪಾಗಿ ಕುಟ್ಟಿದ್ದರಿಂದಲೇ ಅದು ಕೈಗೆ ಸಿಕ್ಕಿತು. ಇದನ್ನು ಅಕ್ಕನಿಗೆ ಹೇಳಿದೆ. ಅವಳು ಒಪ್ಪಲಿಲ್ಲ. "ಏನೂ ಸಿಗ್ಲಿಲ್ಲ ಕಣೋ. ನನಗೆ ಮೊದಲಿಂದ್ಲೂ ಗೊತ್ತಿತ್ತು. ನೀವೆಲ್ಲ ಬಂದು ಬಂದು ಹಸು ಬಗ್ಗೆನೇ ಕೇಳ್ತಿದ್ರಿ." ಎರಡರಲ್ಲಿ ಯಾವುದು ಸರಿ ಎಂದು ತೀರ್ಮಾನಿಸುವ ಕೆಲಸವನ್ನು ನಾನು ಬಿಟ್ಟಿದ್ದೇನೆ.

ಆಮೇಲಿನ ಪಾಠವೆಲ್ಲ ನಿಶ್ಶಬ್ದದ್ದೇ. ನರ್ಸಮ್ಮ ಫ್ಯಾನು ಆರಿಸುತ್ತಿದ್ದರು, ಕಿಟಕಿ ಹಾಕುತ್ತಿದ್ದರು. ಆ ನಿಶ್ಶಬ್ದದೊಳಗೆ ಅಕ್ಕ ತನ್ನದೇ ರೀತಿಯಲ್ಲಿ ಕುಟ್ಟಿ ಕೇಳುತ್ತಿದ್ದಳು. ನರ್ಸಮ್ಮ ಅದನ್ನು ತಿದ್ದುವುದನ್ನು ಬಿಟ್ಟಿದ್ದರು. ಕಾಲರ್ ಬೋನಿನ ಕೆಳಗಿನ ಚುಕ್ಕೆ ಮೂತ್ರಪಿಂಡದ್ದು, ಭಯಕ್ಕೆ ಅದೇ ದೊಡ್ಡ ಬಾಗಿಲು ಎನ್ನುತ್ತಿದ್ದರು. ಅಕ್ಕನ ಎಡಗಡೆಯ ಮೂಳೆ ಇನ್ನೂ ಮುಟ್ಟಿದರೆ ನೋಯುತ್ತಿತ್ತು, ಹಾಗಾಗಿ ಬಲಗಡೆ. ಅಂಕ ಇಳಿಯುತ್ತಾ ಬಂತು. ಐದಕ್ಕೆ ಬಂದಾಗ ಅಕ್ಕ, "ಪಾಸು. ಆದ್ರೆ ಜಂಭ ಪಡೋ ಹಂಗಿಲ್ಲ" ಎಂದಳು.

ಆಮೇಲೆ ನಿಂತ ಬಸ್ಸಿನಲ್ಲಿ ಕೂರುವುದು. ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಮಧ್ಯಾಹ್ನ ಯಾವುದಾದರೂ ಬಸ್ಸು ಖಾಲಿ ನಿಂತಿರುತ್ತದೆ. ನಾವಿಬ್ಬರೂ ಹತ್ತಿ ಕೂರುತ್ತಿದ್ದೆವು. ಒಂದು ದಿನ ಮುಂದಿನ ಸೀಟಿನಲ್ಲಿ ಕೂತಿದ್ದ ವೀಳ್ಯದೆಲೆ ಬುಟ್ಟಿಯ ಹೆಂಗಸು, ಅಕ್ಕ ಹುಬ್ಬು ಕುಟ್ಟಿಕೊಳ್ಳುವುದನ್ನು ತಿರುಗಿ ನೋಡಿ, ಸೊಂಟದ ಚೀಲದಿಂದ ಮುಲಾಮಿನ ಡಬ್ಬಿ ತೆಗೆದಳು.

"ತಲೆ ಸಿಡೀತೈತಾ ಅಕ್ಕ? ತಗಳಿ, ಹಚ್ಕಳಿ. ಹಂಗ್ ಗುದ್ಕಂಡ್ರೆ ಎಲ್ಲಿ ಹೋಯ್ತದೆ?"

ಅಕ್ಕ ತೆಗೆದುಕೊಂಡು ಹಚ್ಚಿಕೊಂಡಳು. ಹುಬ್ಬಿನ ತುದಿಗೇ ಹಚ್ಚಿಕೊಂಡಳು.

ಶಾಲೆ ಶುರುವಾಗುವ ದಿನ ಬಂತು. ಬಸ್ಸು ಹೊರಡುವ ಮುಂಚೆ ಭಾವ ಮಂಡಿಗೆ ಹೋಗಬೇಕಿತ್ತು, ಹೋಗಲಿಲ್ಲ. ಬಸ್ ಸ್ಟ್ಯಾಂಡಿಗೆ ಬರುತ್ತೇನೆ ಎಂದರು, ಅಕ್ಕ ಬೇಡ ಎಂದಳು. "ನೀವು ಬಂದ್ರೆ ಇಬ್ರನ್ನೂ ಸಮಾಧಾನ ಮಾಡ್ಬೇಕಾಗ್ತದೆ." ಭಾವ ಬಾಗಿಲಲ್ಲೇ ನಿಂತರು. "ಆಗ್ಲಿಲ್ಲ ಅಂದ್ರೆ ಇಳಿದ್ಬಿಡು. ನಾಚ್ಕೆ ಪಟ್ಕಬ್ಯಾಡ. ಅರ್ಜಿ ಕೊಟ್ರಾಯ್ತು" ಎಂದರು. ಅವರಿಗೆ ಯಾವುದು ಬೇಕಿತ್ತು ಎಂದು ಅವರಿಗೂ ಗೊತ್ತಿರಲಿಲ್ಲ.

ಕಂಡಕ್ಟರು ಅಕ್ಕನನ್ನು ನೋಡಿ ದೊಡ್ಡ ಧ್ವನಿಯಲ್ಲಿ, "ಓಹೋ ಟೀಚರಮ್ಮಾ! ಟ್ರಾನ್ಸ್‌ಫರ್ ಆಯ್ತೇನೋ ಅನ್ಕೊಂಡಿದ್ದೆ ಕಣ್ರೀ. ಎಲ್ಲೋಗಿದ್ರಿ?" ಎಂದರು.

"ಮೂಳೆ ರಿಪೇರಿಗೆ ಬಿಟ್ಟಿದ್ದೆ" ಎಂದಳು ಅಕ್ಕ. ಕಿಟಕಿ ಪಕ್ಕ ಕೂತಳು. ನಾನು ಪಕ್ಕದಲ್ಲಿ ಕೂತೆ.

ಬಸ್ಸು ಹೊರಟಿತು. ಇಂಜಿನ್ನಿನ ಸದ್ದು ಇರುವಷ್ಟು ಹೊತ್ತು ಅವಳು ಚೆನ್ನಾಗಿದ್ದಳು. ನಾನು ಚೆನ್ನಾಗಿರಲಿಲ್ಲ. ಪ್ರತಿ ಗುಂಡಿಗೂ ಅವಳ ಮುಖ ನೋಡುತ್ತಿದ್ದೆ. ಪ್ರತಿ ತಿರುವಿಗೂ ಸೀಟಿನ ಕಂಬಿ ಹಿಡಿಯುತ್ತಿದ್ದೆ. ತೆಂಗಿನ ತೋಟಗಳು, ಉತ್ತು ಬಿಟ್ಟ ಹೊಲಗಳು ಹಿಂದೆ ಹೋದವು. ಯಾರೋ ಫೋನಿನಲ್ಲಿ ಕೊಬ್ಬರಿಯ ಧಾರಣೆ ಕೂಗಿ ಕೇಳುತ್ತಿದ್ದರು.

ಜಾವಗಲ್‌ನಲ್ಲಿ ಡ್ರೈವರು ಇಂಜಿನ್ ಆರಿಸಿ ಟೀ ಕುಡಿಯಲು ಇಳಿದರು.

ಬಸ್ಸು ಒಂದು ಸಲ ನಡುಗಿ ಸುಮ್ಮನಾಯಿತು. ಇಳಿಯುವವರು ಇಳಿದಿದ್ದರು, ಹತ್ತುವವರು ಇನ್ನೂ ಹತ್ತಿರಲಿಲ್ಲ. ಅಕ್ಕ ಮುಂದಿನ ಸೀಟಿನ ಕಂಬಿಯನ್ನು ಹಿಡಿದಳು. ಇನ್ನೊಂದು ಕೈಯಿಂದ ಸೆರಗಿನ ಕೆಳಗೆ, ಬಲಗಡೆಯ ಕಾಲರ್ ಬೋನನ್ನು ಗೆಣ್ಣಿನಿಂದ ಕುಟ್ಟಿದಳು, ನಿಲ್ಲಿಸಿದಳು. ಮತ್ತೆ ಕುಟ್ಟಿದಳು, ನಿಲ್ಲಿಸಿದಳು. ಅವಳ ತುಟಿ ಅಲ್ಲಾಡುತ್ತಿತ್ತು. ಏನು ಹೇಳಿಕೊಳ್ಳುತ್ತಿದ್ದಳೋ ಕೇಳಿಸಲಿಲ್ಲ. ನಾನು ಏನಾದರೂ ಮಾತಾಡಿ ಆ ನಿಶ್ಶಬ್ದವನ್ನು ತುಂಬಬೇಕೆಂದು ಬಾಯಿ ತೆರೆದೆ.

"ಇಳಿ" ಎಂದಳು ಅಕ್ಕ.

"ಆಗ್ತಿಲ್ವಾ? ಬಾ, ಇಳಿಯೋಣ. ಪರವಾಗಿಲ್ಲ."

"ನಾನಲ್ಲ. ನೀನ್ ಇಳಿ."

"ಯಾಕೆ?"

"ಗುಂಡಿ ಬಂದಾಗೆಲ್ಲ ನನ್ ಮುಖ ನೋಡ್ತೀಯ. ನಿನ್ ಮುಖ ನೋಡಿದ್ರೇ ನನಗೆ ಭಯ 'ಅಯ್ಯೋ ಮರ್ತಿದ್ನಲ್ಲ' ಅಂತ ಎದ್ ಬರ್ತೈತೆ. ಇಳಿಯೋ."

"ಇನ್ನು ಮುಂದೇನೇ ಅಕ್ಕ ಆ ತಿರುವು ಇರೋದು."

"ಎಲ್ಲೈತೆ ಅಂತ ನಂಗೆ ಗೊತ್ತಿಲ್ವಾ? ಇವತ್ತು ನೀನ್ ಬಂದ್ರೆ ನಾಳೆ ಯಾರ್ ಬತ್ತಾರೆ? ನಾಳಿದ್ದು ಯಾರ್ ಬತ್ತಾರೆ? ಇಳಿ ಅಂದೆ."

ಅವಳ ದನಿ ತರಗತಿಯ ದನಿಯಾಗಿತ್ತು. ಆ ದನಿಗೆ ಎದ್ದು ನಿಲ್ಲದವರು ಇಲ್ಲ. ನಾನು ಎದ್ದೆ. ಕೆಳಗಿಳಿದು ಕಿಟಕಿಯ ಹತ್ತಿರ ನಿಂತೆ. ಅವಳು ನನ್ನನ್ನು ನೋಡಲಿಲ್ಲ. ಡ್ರೈವರು ಬಂದು ಇಂಜಿನ್ ಶುರು ಮಾಡುವವರೆಗೆ ಅವಳು ಕತ್ತು ವಾಲಿಸಿಕೊಂಡು ಕೂತಿದ್ದಳು. ಬಸ್ಸು ಹೋಯಿತು.

ನಾನು ಜಾವಗಲ್ ಬಸ್ ಸ್ಟ್ಯಾಂಡಿನಲ್ಲಿ ನಿಂತೆ. ಎಷ್ಟು ಹೊತ್ತು ಎಂದು ಹೇಳಲಾರೆ, ಗಡಿಯಾರ ನೋಡುತ್ತಲೇ ಇದ್ದೆ, ಆದರೂ ನೆನಪಿಲ್ಲ. ಭಾವನ ಫೋನು ಬಂತು.

"ಎಲ್ಲಿದೀರಯ್ಯಾ? ದಾಟಿದ್ರಾ?"

"ನಾನು ಜಾವಗಲ್‌ನಲ್ಲಿದೀನಿ ಭಾವ. ಅಕ್ಕ ಹೋದ್ಲು."

"ಹೋದ್ಲು ಅಂದ್ರೆ? ಯಾರ್ ಜೊತೆ?"

"ಒಬ್ಳೇ. ನನ್ನ ಇಳಿಸಿಬಿಟ್ಲು."

ಭಾವ ಬೈಯುತ್ತಾರೆ ಎಂದು ಕಾದೆ. ಆಮೇಲೆ, ಪಕ್ಕದಲ್ಲಿ ಯಾರಿಗೂ ಕೇಳಿಸಬಾರದೆಂಬ ಹಾಗೆ ದನಿ ತಗ್ಗಿಸಿ ಕೇಳಿದರು: "ಆ ನರ್ಸಮ್ಮ ಎಲ್ಲೆಲ್ಲಿ ಕುಟ್ಕಳಕ್ ಹೇಳಿದ್ರಯ್ಯ?"

"ಮೊದಲು ಹುಬ್ಬಿನ ಒಳತುದಿ ಭಾವ."

"ಎಡಗಡೆದಾ, ಬಲಗಡೆದಾ?"

"ಯಾವುದಾದ್ರೂ ಆಗುತ್ತೆ."

"ಹೂಂ. ಆಮೇಲೆ?"

ಆಮೇಲಿನದು ನನಗೆ ತಕ್ಷಣ ನೆನಪಾಗಲಿಲ್ಲ. ಇಷ್ಟು ದಿನ ನೋಡಿದ್ದರೂ ನಾನೇ ಒಂದು ಸಲವೂ ಕುಟ್ಟಿಕೊಂಡಿರಲಿಲ್ಲ. ಟೀ ಅಂಗಡಿಯವರು ನೋಡುತ್ತಿದ್ದಂತೆ ಹುಬ್ಬಿನಿಂದ ಶುರು ಮಾಡಿ ಒಂದೊಂದೇ ಚುಕ್ಕೆ ಕುಟ್ಟಿಕೊಳ್ಳುತ್ತಾ, ಮುಂದಿನದನ್ನು ಹುಡುಕುತ್ತಾ, ಭಾವನಿಗೆ ಹೇಳುತ್ತಾ ಹೋದೆ. ಕಣ್ಣಿನ ಪಕ್ಕ. ಕಣ್ಣಿನ ಕೆಳಗೆ. ಮೂಗಿನ ಕೆಳಗೆ. ಆ ಕಡೆ ಭಾವ "ಹೂಂ, ಹೂಂ" ಎನ್ನುತ್ತಿದ್ದರು. ಗದ್ದಕ್ಕೆ ಬಂದಾಗ ಇನ್ನೊಂದು ಕರೆ ಬರುತ್ತಿರುವ ಸದ್ದಾಯಿತು. ಅಕ್ಕನದು. ಭಾವನನ್ನು ಅಲ್ಲೇ ನಿಲ್ಲಿಸಿ ಅದನ್ನು ಎತ್ತಿಕೊಂಡೆ.

ಮೊದಲು ಕೇಳಿಸಿದ್ದು ಮಕ್ಕಳ ಗಲಾಟೆ, ಕಿವಿ ಕಿತ್ತುಹೋಗುವಷ್ಟು ಗಲಾಟೆ. ಅದರ ನಡುವೆ ಅಕ್ಕ ಯಾರನ್ನೋ ಬೈಯುತ್ತಿದ್ದಳು.

"ಮುಟ್ಟಿದೆ ಕಣೋ" ಎಂದಳು. "ನಿಮ್ ಭಾವಂಗೆ ಹೇಳು, ಮಂಡೀಗ್ ಹೋಗ್ಲಿ. ಫೋನ್ ಇಡ್ತೀನಿ, ಪ್ರಾರ್ಥನೆಗೆ ಇನ್ನೂ ಸಾಲೇ ನಿಂತಿಲ್ಲ ಇಲ್ಲಿ."